ಬಾಳೆಹಣ್ಣಿನೊಳಗಿನ ಮಾತ್ರೆ

ಮೊದಲು ಇದನ್ನು ಹೀಗೆ ಶುರು ಮಾಡಿದ್ದೆ: ಆ ದಿನ ಅಜ್ಜಂಪುರದಲ್ಲಿ ಬೆಳಗಿನಿಂದ ಮಳೆ, ಹೆಂಡತಿ ಕಿಟಕಿಯ ಪಕ್ಕ ಕೂತು ಮೊದಲ ಮಾತ್ರೆ ನುಂಗಿದಳು.

ಎರಡು ದಿನ ಬಿಟ್ಟು ಓದಿದಾಗ ಚೆನ್ನಾಗಿದೆ ಅನ್ನಿಸಿತು. ಚೆನ್ನಾಗಿದೆ ಅನ್ನಿಸಿದ ಕೂಡಲೇ ಗುಮಾನಿ ಬಂತು. ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರ್ ಇಳಿಸಿ ನೋಡಿದೆ. ಆ ದಿನದ ಚೌಕದಲ್ಲಿ ನನ್ನದೇ ಅಕ್ಷರದಲ್ಲಿ "ಮಾತ್ರೆ ಶುರು" ಎಂದಿದೆ. ಅದರ ಕೆಳಗೆ "ನೀರಿನ ಟ್ಯಾಂಕರ್ ಬರಲಿಲ್ಲ" ಎಂದಿದೆ. ಕಡು ಬೇಸಿಗೆ. ಮಳೆ ಎಲ್ಲಿಂದ ಬಂತು? ಅವಳು ಮಾತ್ರೆ ನುಂಗಿದ್ದು ಪೂಜೆಯ ಕೋಣೆಯಲ್ಲಿ, ಆ ಕೋಣೆಗೆ ಕಿಟಕಿಯೇ ಇಲ್ಲ. ಹಾಗಾದರೆ ಕಿಟಕಿಯನ್ನೂ ನಾನೇ ಕೊರೆದೆ.

ಆದ್ದರಿಂದ ಇಲ್ಲಿ ಚೆಂದವಾಗಿ ಬಂದದ್ದನ್ನೆಲ್ಲ ಹೊಡೆದುಹಾಕಿದ್ದೇನೆ. ಉಳಿದದ್ದು ಇಷ್ಟು.

ನನ್ನ ಹೆಂಡತಿಯ ಎಡಗಡೆಯ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಇತ್ತು. ತೆಗೆದರು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಶ್ವಾಸಕೋಶದಲ್ಲಿ ಚುಕ್ಕೆಗಳು ಕಾಣಿಸಿದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡುತ್ತಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಚುಕ್ಕೆಗಳನ್ನು ಕೊಯ್ದು ತೆಗೆಯಲಾಗುವುದಿಲ್ಲ, ದಿನಾ ಎರಡು ಮಾತ್ರೆ ನುಂಗಬೇಕು ಎಂದರು. "ಇದು ಹಿಡಿದ್ರೆ ವರ್ಷಗಟ್ಲೆ ತಳ್ಳಬಹುದು. ಆದ್ರೆ ಮೈ ತಡ್ಕೋಬೇಕು. ಮೈ ತಡೀಲಿಲ್ಲ ಅಂದ್ರೆ ನಾನು ನಿಲ್ಲಿಸ್ಬೇಕಾಗುತ್ತೆ." ಈ ಮಾತು ಮಾತ್ರ ನನಗೆ ಖಂಡಿತ ನೆನಪಿದೆ, ಯಾಕೆಂದರೆ ಮನೆಗೆ ಬರುವ ಬಸ್ಸಿನಲ್ಲಿ ನನ್ನ ಹೆಂಡತಿ ಅದನ್ನು ಮೂರು ಸಲ ಹೇಳಿದಳು. "ಮೈ ತಡ್ಕೋಬೇಕು ಅಂದ್ರಲ್ಲ, ಅಷ್ಟೇ ತಾನೇ. ತಡ್ಕೊಂಡ್ರಾಯ್ತು."

ಮಾತ್ರೆಯ ನಿಯಮ ಎರಡೇ. ಪುಡಿ ಮಾಡಬಾರದು. ಬರೀ ಹೊಟ್ಟೆಯಲ್ಲಿ ನುಂಗಬೇಕು: ತಿಂಡಿಗೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆಯ ನಂತರ.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕಡೂರು ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಸಿಂಗಟಗೆರೆ, ಹಿರೇನಲ್ಲೂರು, ಮತ್ತೆ ಸಿಂಗಟಗೆರೆ. ಡಾಕ್ಟರಲ್ಲ, ಆದರೆ ಜನರ ಬಾಯಲ್ಲಿ ದನದ ಡಾಕ್ಟ್ರು. ಇಡೀ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು "ಬರೀ ಹೊಟ್ಟೇಲಿ ಕೊಡ್ರಪ್ಪಾ" ಎಂಬುದೇ ಇರಬೇಕು. ಹೊಟ್ಟೆಯ ಹುಳದ ಔಷಧ, ಅದೂ ಇದೂ.

ಸಿಂಗಟಗೆರೆಯಲ್ಲಿ ಒಬ್ಬ ರೈತ ಎಮ್ಮೆಯನ್ನು ಹೊಡೆದುಕೊಂಡು ಬಂದ. ಹೊಟ್ಟೆ ಉಬ್ಬಿ ತಮಟೆಯಾಗಿತ್ತು. ಹಿಂದಿನ ದಿನ ನಾನೇ ಹುಳದ ಮಾತ್ರೆ ಕೊಟ್ಟಿದ್ದೆ.

"ಬರೀ ಹೊಟ್ಟೇಲಿ ಕೊಡು ಅಂದಿದ್ನಲ್ಲೋ?"

"ಬರೀ ಹೊಟ್ಟೇಲೇ ಕೊಟ್ಟಿದೀನಿ ಸ್ವಾಮಿ. ಒಂದು ಎಸಳು ಹುಲ್ಲು ಹಾಕಿಲ್ಲ."

"ಮತ್ತೆ ಹೆಂಗೆ ನುಂಗ್ತು?"

"ಬೆಲ್ಲದ ಅಚ್ಚಲ್ಲಿ ಇಟ್ಟೆ. ಆಮೇಲೆ ಒಂದಿಷ್ಟು ಬೂಸ ಕಲಸಿ…"

"ಲೇ, ಅದು ತಿಂದಂಗಲ್ವೇನೋ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಬೆಲ್ಲ ಮೇವೇನ್ ಸ್ವಾಮಿ?"

ಅವನ ಮುಖ ನನಗೆ ನೆನಪಿಲ್ಲ. ಆ ಪ್ರಶ್ನೆ ನೆನಪಿದೆ. ಎಷ್ಟೋ ವರ್ಷ ಅದನ್ನು ನಗೆಚಟಾಕಿಯಾಗಿ ಹೇಳಿಕೊಂಡು ತಿರುಗಿದೆ. ನೆಂಟರ ಮದುವೆಗಳಲ್ಲಿ, ಹೆಂಡತಿಯ ಎದುರಿಗೇ. ಅವಳೂ ಪ್ರತಿಸಲ ನಗುತ್ತಿದ್ದಳು.

ಈಗ ನಮ್ಮ ಮನೆಯ ಬೆಳಗಿನ ಕ್ರಮವನ್ನು ಹೇಳಬೇಕು. ಅವಳು ತರೀಕೆರೆಯ ಕಡೆಯವಳು, ಮಠಕ್ಕೆ ನಡೆದುಕೊಳ್ಳುವ ಮನೆತನ. ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅವಳ ಬಾಯಿಗೆ ಒಂದು ತೊಟ್ಟು ನೀರೂ ಹೋಗುವುದಿಲ್ಲ. ಆಮೇಲೂ ಏನೇ ತಿಂದರೂ ಲಿಂಗಕ್ಕೆ ತೋರಿಸಿಯೇ ತಿನ್ನಬೇಕು. ಬೆಳಗಿನ ಪೂಜೆಗೆ ಒಂದು ಬಟ್ಟಲು ಹಾಲು, ಅದರಲ್ಲಿ ಕಿವುಚಿದ ಬಾಳೆಹಣ್ಣು, ಸಕ್ಕರೆ, ಮೇಲೊಂದು ಚಮಚ ತುಪ್ಪ. ಅದು ಪ್ರಸಾದ. ಅವಳು ಅದನ್ನು ತೆಗೆದುಕೊಂಡು ನನಗೂ ಒಂದು ಚಮಚ ಕೊಡುತ್ತಾಳೆ. ತಿಂಡಿ ಎಂಟೂವರೆಗೆ.

ನಾನು ಇದ್ಯಾವುದನ್ನೂ ಮಾಡುವುದಿಲ್ಲ. ನನ್ನ ಲಿಂಗ ಅದನ್ನಿಡುವ ಕರಡಿಗೆಯ ಸಮೇತ ಟ್ರಂಕಿನಲ್ಲಿದೆ. ನೌಕರಿಗೆ ಸೇರಿದ ವರ್ಷ ಬಿಚ್ಚಿಟ್ಟವನು ಮತ್ತೆ ಕಟ್ಟಲಿಲ್ಲ. ಆ ವಿಷಯದಲ್ಲಿ ನನಗೆ ಒಂದು ಬಗೆಯ ಜಂಭವೂ ಇತ್ತು. ಜಂಭ ಎಂಬ ಪದವನ್ನು ಈಗ ಬಳಸುತ್ತಿದ್ದೇನೆ. ಆಗ ಅದರ ಹೆಸರು ವಿಚಾರವಂತಿಕೆ.

ಮಾತ್ರೆ ತಂದ ದಿನ ನಾನು ಗಂಟೆಗಳನ್ನು ಕೂಡಿಸಿ ಕಳೆದು ನೋಡಿದೆ. ಏಳಕ್ಕೆ ಪೂಜೆ ಮುಗಿಯುತ್ತದೆ, ತಿಂಡಿ ಎಂಟೂವರೆಗೆ. ನಡುವೆ ಒಂದೂವರೆ ಗಂಟೆ. ಡಾಕ್ಟರಮ್ಮನ ಲೆಕ್ಕವೂ ಲಿಂಗದ ಲೆಕ್ಕವೂ ತಾಳೆಯಾಗಿಬಿಟ್ಟವು.

"ಮಾತ್ರೇನೂ ಲಿಂಗಕ್ಕೆ ತೋರ್ಸೇ ನುಂಗ್ತೀನಿ ಕಣ್ರೀ" ಎಂದಳು ಅವಳು.

"ಅದು ರಾಸಾಯನಿಕ ಕಣೇ."

"ಇರ್ಲಿ. ವಿಷ ಆದ್ರೂ ತೋರ್ಸೇ ಕುಡೀಬೇಕು ಅಂತ ನಮ್ಮಜ್ಜಿ ಹೇಳೋರು."

ನಗುತ್ತ ಒಪ್ಪಿದೆ. ಮಾತ್ರೆ ದೊಡ್ಡದು, ಗಂಟಲಲ್ಲಿ ನಿಲ್ಲುತ್ತಿತ್ತು. ಮೊದಲೆರಡು ದಿನ ನೀರು ಕುಡಿದು ಕುಡಿದು ಕಕ್ಕಿದಳು. ಮೂರನೆಯ ದಿನದಿಂದ ಮಾತ್ರೆ ಪ್ರಸಾದದ ಬಾಳೆಹಣ್ಣಿನ ತುಂಡಿನೊಳಗೆ ಕೂತು ಸಲೀಸಾಗಿ ಇಳಿಯತೊಡಗಿತು. ಆ ಉಪಾಯ ಅವಳದು. ಹಾಗೆಂದು ಬಹಳ ದಿನ ನನ್ನ ನೆನಪಾಗಿತ್ತು.

ಮೊದಲು ಬೆಳ್ಳಗಾದದ್ದು ಹುಬ್ಬು. ಅದಕ್ಕೂ ಮೊದಲು ತಲೆಗೂದಲಿನ ಬುಡ. ಇಲ್ಲ, ಯಾವುದು ಮೊದಲು ಎಂದು ಗೊತ್ತಿಲ್ಲ. ಕೂದಲು ಉದುರಲಿಲ್ಲ, ಬಣ್ಣ ಬಿಟ್ಟಿತು. ಎರಡು ತಿಂಗಳಲ್ಲಿ ರೆಪ್ಪೆಯವರೆಗೆ ಹತ್ತಿ ಬಿಡಿಸಿದಂತಾಯಿತು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: ಕೂದಲು ಬಿಳಿಯಾದರೆ ಹೆದರಬೇಡಿ, ಮಾತ್ರೆ ಮೈಗೆ ಹತ್ತಿದೆ ಎಂದು ತಿಳಿಯಿರಿ.

ತರೀಕೆರೆಯ ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಕಾರ್ಡು ತೋರಿಸಬೇಕು.

"ಅಜ್ಜಿ, ಮಗಳ ಕಾರ್ಡ್ ತಂದಿದೀರ."

"ಮಗಳಲ್ಲ ಕಣಪ್ಪಾ. ಹೋದ ವರ್ಷದ ನಾನು."

ಬಸ್ಸಿನಲ್ಲಿ ಇಬ್ಬರು ನಕ್ಕರು. ಕಂಡಕ್ಟರ್ ನಗಲಿಲ್ಲ, ಮುಖ ಕೆಳಗೆ ಹಾಕಿ ಕಾರ್ಡು ವಾಪಸ್ಸು ಕೊಟ್ಟ. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ದುಃಖಕ್ಕೆ ಬರೆಯುತ್ತಿಲ್ಲ. ಮಗಳ ಕಾರ್ಡು ಎಂದಾಗ ಅವಳು ನನ್ನ ಕಡೆ ನೋಡಿದಳು, ಅಷ್ಟಕ್ಕೆ.

ಆಮೇಲೆ ಭೇದಿ. ದಿನಕ್ಕೆ ಎಷ್ಟು ಸಲ ಎಂದು ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ. ಕೆಲವು ಚೌಕಗಳಲ್ಲಿ ಗೀಟು ಹಾಕಲು ಜಾಗವಿಲ್ಲ. ರಕ್ತದೊತ್ತಡ ಏರಿತು, ಅದಕ್ಕೊಂದು ಮಾತ್ರೆ. ಪಾದದ ಅಡಿ ಕೆಂಪಾಗಿ, ಬೊಬ್ಬೆ ಎದ್ದು, ಸಿಪ್ಪೆ ಸುಲಿಯಿತು. ಮನೆಯೊಳಗೆ ದಿಂಬಿನ ಗವಸನ್ನು ಕಾಲಿಗೆ ಸುತ್ತಿಕೊಂಡು ಓಡಾಡಿದಳು. ಬೇರೆ ಔಷಧ ಹೇಳಲು ಬಂದವರ ಪಟ್ಟಿ ಕೊಡುವುದಿಲ್ಲ. ಅಜ್ಜಂಪುರದಲ್ಲಿ ಕ್ಯಾನ್ಸರಿಗೆ ಔಷಧ ಗೊತ್ತಿಲ್ಲದವನು ನಾನೊಬ್ಬನೇ ಎಂದು ಆಗ ತಿಳಿಯಿತು.

ಅಂಗೈ ಒಡೆದಾಗ ಮಾತ್ರ ಅವಳು ಅತ್ತಳು. ನೋವಿಗಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟರೆ ಬಿರುಕಿಗೆ ವಿಭೂತಿ ಇಳಿದು ಉರಿಯುತ್ತಿತ್ತು, ಕೈ ನಡುಗುತ್ತಿತ್ತು. ಲಿಂಗ ಕೈಯಿಂದ ಜಾರಿ ಬೀಳುವುದಕ್ಕಿಂತ ಹೆಚ್ಚಿನ ಕೇಡು ಅವಳ ಲೋಕದಲ್ಲಿಲ್ಲ. ಆದ್ದರಿಂದ ಅಂಗೈ ಮೇಲೆ ಬಿಳಿ ಮಲ್ಲಿನ ಬಟ್ಟೆ ಮಡಿಸಿ ಹಾಸಿ, ಅದರ ಮೇಲೆ ಲಿಂಗ ಇಟ್ಟುಕೊಂಡಳು.

ಕಡೂರಿನಿಂದ ಅವಳ ಅಕ್ಕ ಬಂದಿದ್ದರು. ನನಗಿಂತ ದೊಡ್ಡವರು, ವಿಧವೆ, ಕಾಯಿಲೆಯ ಮನೆಗೆ ಬಂದರೆ ಅಡುಗೆಮನೆ ಹಿಡಿದುಕೊಳ್ಳುವವರು. ನೋಡಿ ಕೇಳಿಯೇಬಿಟ್ಟರು. "ಬಟ್ಟೆ ಹಾಸ್ಕೊಂಡು ಪೂಜೆ ಮಾಡ್ತಾರೇನೇ? ಅಂಗೈಗೂ ಲಿಂಗಕ್ಕೂ ಮಧ್ಯ ಏನಿರಬಾರ್ದು."

"ಅಂಗೈ ಇದ್ರೆ ತಾನೇ ಅಕ್ಕಾ, ಮಧ್ಯ ಅನ್ನೋದು."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದರು.

ಎಲ್ಲಕ್ಕಿಂತ ಕೆಟ್ಟದ್ದು ನಾಲಿಗೆ. ರಾಗಿರೊಟ್ಟಿ, ಸೊಪ್ಪಿನ ಸಾರು, ಅಕ್ಕ ಮಾಡಿದ ಅವರೆಕಾಳು ಉಪ್ಪಿಟ್ಟು, ಎಲ್ಲ ಒಂದೇ ರುಚಿ. "ಕಬ್ಬಿಣದ ಗೇಟು ನೆಕ್ಕಿದಂಗಿದೆ ಕಣ್ರೀ." ಒಂದು ಮಾತ್ರ ಸಿಹಿಯಾಗಿಯೇ ಉಳಿದಿತ್ತು: ಬೆಳಗಿನ ಪ್ರಸಾದ. ಅದು ಗೊತ್ತಾದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಒಂದು ಬಾಳೆಹಣ್ಣು ಎರಡಾಯಿತು, ಮೂರಾಯಿತು. ಅಜ್ಜಂಪುರದ ಸಂತೆಯಲ್ಲಿ ಪುಟ್ಟಬಾಳೆಯ ಗೊನೆಯನ್ನು ಮೂಸಿ ನೋಡಿ ಆರಿಸಿ ತಂದೆ. ಗಟ್ಟಿ ಹಾಲು ಕೊಡುವ ಮನೆಯನ್ನು ಹುಡುಕಿದೆ. ದನದ ಡಾಕ್ಟ್ರಿಗೆ ಅದೊಂದು ಕಷ್ಟವಲ್ಲ. ತುಪ್ಪ ಒಂದು ಚಮಚ ಇದ್ದದ್ದು ಮೂರಾಯಿತು. "ಇಷ್ಟಾದ್ರೂ ಹೋಗ್ಲಿ ಮೈಗೆ" ಎಂದು ನಾನೇ ಸುರಿಯುತ್ತಿದ್ದೆ. ಬಟ್ಟಲಿನ ಬದಲು ಸಣ್ಣ ಪಾತ್ರೆ ಬಂತು. ಅದರ ಮಧ್ಯೆ, ಹಣ್ಣಿನ ತುಂಡಿನೊಳಗೆ, ಆ ದಿನದ ಮಾತ್ರೆಗಳು.

ಅವಳ ನಾಲಿಗೆ ಕೆಟ್ಟಷ್ಟೂ ಪ್ರಸಾದ ಹೆಚ್ಚಿತು. ಪ್ರಸಾದ ಹೆಚ್ಚಿದಷ್ಟೂ ನಾಲಿಗೆ ಕೆಟ್ಟಿತು. ಈ ಎರಡನೆಯ ವಾಕ್ಯ ಆಗ ನನಗೆ ಗೊತ್ತಿರಲಿಲ್ಲ.

ಪ್ರತಿ ಭೇಟಿಯಲ್ಲೂ ಡಾಕ್ಟರಮ್ಮ ಕೇಳುತ್ತಿದ್ದರು. "ಬರೀ ಹೊಟ್ಟೇಲೇ ತಗೋತಿದಾರೆ ತಾನೆ?"

"ಹೌದು ಡಾಕ್ಟ್ರೇ. ಪೂಜೆ ಮುಗಿದ ಕೂಡ್ಲೇ. ತಿಂಡಿಗೆ ಒಂದೂವರೆ ಗಂಟೆ ಮುಂಚೆ." ನಾನೇ ಹೇಳುತ್ತಿದ್ದೆ. ಪಕ್ಕದಲ್ಲಿ ಅವಳು ತಲೆಯಾಡಿಸುತ್ತಿದ್ದಳು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

"ನೀವು ಹೇಳೋ ಥರ ಟೈಮ್ ಪಾಲಿಸೋರು ಕಮ್ಮಿ" ಎಂದು ಅವರು ಒಮ್ಮೆ ಹೊಗಳಿದರು. ಆಮೇಲೆ ಅವಳ ಅಂಗೈ ನೋಡಿ ಹುಬ್ಬು ಗಂಟು ಹಾಕಿದರು. ಈ ಮಾತ್ರೆಗೆ ಇಷ್ಟು ಆಗಬಾರದು, ಕೆಲವರ ಮೈ ಹೀಗೆ, ಎಂದರು. ಎರಡು ಮಾತ್ರೆಯನ್ನು ಒಂದಕ್ಕೆ ಇಳಿಸಿದರು.

ಚುಕ್ಕೆಗಳು ಮಾತ್ರ ಕರಗುತ್ತಿದ್ದವು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಕಹಿ ಸರಿಯಾದ ಅಳತೆಯಲ್ಲಿ ಬರುವುದಿಲ್ಲ. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ದೊಡ್ಡದು ಸಣ್ಣದಾಗಿತ್ತು, ಸಣ್ಣದೊಂದು ಇರಲೇ ಇಲ್ಲ. ಬಸ್ಸಿನಲ್ಲಿ ನನ್ನ ಹೆಂಡತಿ ಸುಲಿದ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿಟ್ಟುಕೊಂಡು ಕೂತಿದ್ದಳು. "ತಡ್ಕೋತಿದೀನಿ ನೋಡ್ರಿ" ಎಂದಳು.

ಅದಾದ ಮೇಲಿನ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಮೇಲೆದ್ದವು. ರಕ್ತವನ್ನು ತರೀಕೆರೆಯ ಲ್ಯಾಬಿನಲ್ಲಿ ಕೊಡುತ್ತಿದ್ದೆವು, ಫಲಿತಾಂಶ ಮೊಬೈಲಿಗೆ ಬರುತ್ತಿತ್ತು. ಅಂಕಿ ನೋಡುವುದಕ್ಕೆ ಮುಂಚೆ ಅವಳ ಕಣ್ಣು ನೋಡಿ ನನಗೆ ಗೊತ್ತಾಯಿತು, ಎಂದು ಬರೆಯಬೇಕೆನಿಸುತ್ತದೆ. ಗೊತ್ತಾಗಲಿಲ್ಲ. ಎಷ್ಟೋ ಕುರಿಗಳ ರೆಪ್ಪೆ ಎತ್ತಿ ಕಾಮಾಲೆ ಪತ್ತೆಹಚ್ಚಿದವನು ಎದುರಿಗೆ ಕೂತ ಹೆಂಡತಿಯ ಹಳದಿ ಕಣ್ಣನ್ನು ನೋಡಲಿಲ್ಲ. ನೋಡಿದವರು ಅಕ್ಕ. "ಏನೇ, ಅರಿಶಿನ ಹಚ್ಕೊಂಡಂಗೆ ಕಣ್ಣು?"

ಮಾತ್ರೆ ನಿಲ್ಲಿಸಿದರು. ಕೆಲವು ವಾರ ಕಾದೆವು. ಅಂಕಿ ಇಳಿಯಿತು. ಇನ್ನೊಂದು ಸಲ, ಕಡಿಮೆ ಪ್ರಮಾಣದಲ್ಲಿ, ನೋಡೋಣ ಎಂದರು. ನಾವು ಮನೆಗೆ ಬಂದು ಮರುದಿನವೇ ಹಾಲು ತಂದೆವು, ಹಣ್ಣು ತಂದೆವು. ಹದಿನೈದು ದಿನಕ್ಕೆ ಅಂಕಿ ಮತ್ತೆ ಹಾರಿತು.

ಆ ಭೇಟಿಗೆ ಅಕ್ಕನೂ ಬಂದಿದ್ದರು. ನನ್ನ ಹೆಂಡತಿಯನ್ನು ನರ್ಸ್ ಇನ್ನೊಂದು ಸಲ ರಕ್ತ ತೆಗೆಯಲು ಕರೆದುಕೊಂಡು ಹೋಗಿದ್ದರು. ಕೋಣೆಯಲ್ಲಿ ಡಾಕ್ಟರಮ್ಮ, ನಾನು, ಅಕ್ಕ. ಇನ್ನು ಈ ಮಾತ್ರೆ ಕೊಡುವ ಹಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆಗ ಅಕ್ಕ, ಯಾರ ಮೇಲೂ ಆರೋಪವಿಲ್ಲದೆ, ತಂಗಿಯ ಪರವಾಗಿ ಎನ್ನುವಂತೆ, ಹೇಳಿದರು: "ಅವ್ಳು ಬೇರೇನೂ ತಿನ್ನಲ್ಲ ತಾಯೀ. ಬೆಳಿಗ್ಗೆ ಮಾತ್ರೆ ಜೊತೆ ಒಂದಿಷ್ಟು ಹಾಲು ಹಣ್ಣು ಹೋಗುತ್ತಲ್ಲ, ಅದ್ರ ಮೇಲೇ ಜೀವ ಹಿಡ್ಕೊಂಡವ್ಳೆ."

ಡಾಕ್ಟರಮ್ಮ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಮಾತ್ರೆ ಜೊತೆ?"

"ಅದ್ರೊಳಗೇ. ಹಣ್ಣಿನ ಒಳಗೆ."

"ಎಷ್ಟು ಹಾಲು?"

ಅಕ್ಕ ಕೈಯಲ್ಲಿ ಪಾತ್ರೆಯ ಅಳತೆ ತೋರಿಸಿದರು. "ತುಪ್ಪನೂ ಇರುತ್ತೆ."

"ಯಾವಾಗಿಂದ?"

ಅಕ್ಕ ನನ್ನ ಕಡೆ ನೋಡಿದರು. ಡಾಕ್ಟರಮ್ಮನೂ ನೋಡಿದರು. "ಸರ್, ನೀವು ಬರೀ ಹೊಟ್ಟೆ ಅಂದಿದ್ರಲ್ಲ?"

ಆಗ ನನ್ನ ಬಾಯಿಂದ ಬಂದ ಮಾತನ್ನು ಬದಲಾಯಿಸದೆ ಬರೆಯುತ್ತೇನೆ. "ಅದು ತಿಂಡಿಯಲ್ಲ ಡಾಕ್ಟ್ರೇ. ಅದು ಪ್ರಸಾದ."

ಬೆಲ್ಲ ಮೇವೇನ್ ಸ್ವಾಮಿ.

ಅವಳು ಹಾಗೆ ತಿಳಿದಿದ್ದರೆ ಅರ್ಥವಿತ್ತು. ಅವಳಿಗೆ ಪ್ರಸಾದ ಹೊಟ್ಟೆಗೆ ಹೋಗುವ ವಸ್ತುವೇ ಅಲ್ಲ. ನಾನು? ಟ್ರಂಕಿನಲ್ಲಿ ಲಿಂಗ ಇಟ್ಟವನು, ಮಠದ ಮೆಟ್ಟಿಲು ಹತ್ತದವನು, ಹೊಟ್ಟೆಯೊಳಗೆ ಕೈ ಹಾಕಿ ಎಮ್ಮೆ ಕರು ತೆಗೆದವನು. ಆ ಪಾತ್ರೆಯಲ್ಲಿ ಎಷ್ಟು ಹಾಲಿದೆ, ಎಷ್ಟು ತುಪ್ಪವಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನೇ ಸುರಿದದ್ದು. ಆದರೂ ಅದನ್ನು ಅನ್ನ ಎಂದು ಒಂದು ದಿನವೂ ನನ್ನ ತಲೆ ಎಣಿಸಲಿಲ್ಲ. ಬಿಟ್ಟೆ ಅಂದುಕೊಂಡದ್ದು ಎಲ್ಲೂ ಹೋಗಿರಲಿಲ್ಲ. ನಂಬಿಕೆ ಹೋಗಿತ್ತು, ರೂಢಿ ಉಳಿದಿತ್ತು. ಅವಳಿಗೆ ನಂಬಿಕೆಯ ನೆಮ್ಮದಿಯಾದರೂ ಇತ್ತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹೊಟ್ಟೆಯಲ್ಲಿ ಆಹಾರವಿದ್ದರೆ ಈ ಮಾತ್ರೆ ಎರಡು ಪಟ್ಟು ರಕ್ತಕ್ಕೆ ಇಳಿಯುತ್ತದೆ, ಅದಕ್ಕೇ ಆ ನಿಯಮ ಎಂದರು. ಒಂದು ಕೊಟ್ಟರೂ ಎರಡು ಕೊಟ್ಟ ಹಾಗೆ. ಯಕೃತ್ತು ಸೋತದ್ದು ಇದರಿಂದಲೇ ಇರಬಹುದು.

"ಇದ್ರಿಂದಲೇನಾ?" ಎಂದೆ.

"ಇರಬಹುದು. ಇಲ್ದೇನೂ ಇರಬಹುದು. ಸರಿಯಾಗಿ ತಗೊಂಡವರಿಗೂ ಹಿಂಗಾಗುತ್ತೆ."

"ಈಗ ಸರಿಯಾಗಿ ಕೊಟ್ರೆ?"

"ಎರಡು ಸಲ ಲಿವರ್ ಬೇಡ ಅಂತು. ಮೂರನೇ ಸಲ ಕೇಳೋ ಧೈರ್ಯ ನನಗಿಲ್ಲ ಸರ್."

ಅಷ್ಟರಲ್ಲಿ ನನ್ನ ಹೆಂಡತಿ ಮೊಣಕೈ ಮಡಿಸಿ ಹತ್ತಿ ಒತ್ತಿಕೊಂಡು ಒಳಗೆ ಬಂದಳು. "ಏನಂತೆ?" ಎಂದಳು. ಮಾತ್ರೆ ಬದಲಾಯಿಸ್ತಾರಂತೆ ಎಂದೆ. "ಅಯ್ಯೋ, ಚುಕ್ಕೆ ಕರಗ್ತಿತ್ತಲ್ಲ" ಎಂದಳು.

ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಶೌಚಾಲಯಕ್ಕೆ ಹೋದಾಗ ಅಕ್ಕ ನನ್ನ ಹತ್ತಿರ ಸರಿದರು. "ಅವ್ಳಿಗೆ ಹೇಳ್ಬೇಡ ಕಣಪ್ಪಾ. ಲಿಂಗದ ಪ್ರಸಾದ ತಿಂದು ಹಿಂಗಾಯ್ತು ಅಂದ್ರೆ ಅವ್ಳು ಉಳಿಯಲ್ಲ." "ನಾನ್ಯಾಕೆ ಬಾಯಿ ಬಿಟ್ನೋ" ಎಂದರು. ತಪ್ಪನ್ನು ಹಂಚಿಕೊಳ್ಳಲು ಸಿಕ್ಕ ಮೊದಲ ಮನುಷ್ಯ. ನಾನು ನಾಚಿಕೆಯಿಲ್ಲದೆ ಅವರಿಗೂ ಒಂದಿಷ್ಟು ಬಿಟ್ಟುಕೊಟ್ಟೆ, ಸಮಾಧಾನ ಹೇಳಲಿಲ್ಲ.

ಮನೆಗೆ ಬಂದವನು ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಅವಳು ಮಲಗಿದ್ದಳು, ಹೊರಗೆ ಇನ್ನೂ ಬಿಸಿಲಿತ್ತು. ನಾನು ಹುಡುಕಿದ್ದು ಒಂದೇ: ಬಾಳೆಹಣ್ಣಿನ ಉಪಾಯ ಅವಳದೇ ಎಂಬುದಕ್ಕೆ ಸಾಕ್ಷಿ. ಮೂರನೆಯ ದಿನದ ಚೌಕದಲ್ಲಿ ನನ್ನ ಅಕ್ಷರ ಚಿಕ್ಕದಾಗಿ, ಅಚ್ಚುಕಟ್ಟಾಗಿ ಕೂತಿತ್ತು. "ಬಾಳೆಹಣ್ಣಿನೊಳಗೆ ಇಟ್ಟು ಕೊಟ್ಟೆ. ದನದ ಉಪಾಯ. ಸಲೀಸು."

ದನದ ಉಪಾಯ. ಹೌದು, ಅದು ನನ್ನ ಕೈಗೆ ಬಂದ ವಿದ್ಯೆ: ದೊಡ್ಡ ಮಾತ್ರೆಯನ್ನು ಹಣ್ಣಿನಲ್ಲಿ ಹುದುಗಿಸಿ ನಾಲಿಗೆಯ ಹಿಂದೆ ಇಡುವುದು. ಅದು ಅವಳಿಗೆ ಹೇಗೆ ಹೊಳೆಯಬೇಕು? ತಿಂಗಳುಗಟ್ಟಲೆ ನನ್ನ ನೆನಪಿನಲ್ಲಿ ಅವಳೇ ಹಣ್ಣು ಸುಲಿದು, ಅವಳೇ ಮಾತ್ರೆ ಒತ್ತಿ, "ನೋಡ್ರಿ ಹಿಂಗೆ" ಎಂದಿದ್ದಳು. ಅವಳ ಬೆರಳು, ಹಣ್ಣಿನ ಸಿಪ್ಪೆ, ಎಲ್ಲ ಕಾಣುತ್ತಿತ್ತು. ಯಾವಾಗ ಅದನ್ನು ಅವಳ ಕೈಗೆ ದಾಟಿಸಿದೆನೋ ಗೊತ್ತಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟ ಮೇಲೆ ಎನ್ನುವಂತಿಲ್ಲ. ಅದಕ್ಕೂ ಮುಂಚೆಯೇ ದಾಟಿಸಿದ್ದೆ. ಬೇಕಾಗುವ ಹೊತ್ತಿಗೆ ಇರಲಿ ಎಂದೇ?

ಮಾತ್ರೆ ನಿಂತ ಮೇಲೆ ಅಂಗೈ ಮಾಗಿತು. ಮಲ್ಲಿನ ಬಟ್ಟೆ ಒಗೆದು ಪೆಟ್ಟಿಗೆ ಸೇರಿತು. ಊಟ ರುಚಿಸಿತು. ಬೈತಲೆಯ ಎರಡೂ ಬದಿಗೆ ಒಂದು ಬೆರಳಿನಗಲ ಕಪ್ಪು ಕಾಣಿಸಿತು, ಬಿಳಿ ಕೂದಲಿನ ಬುಡದಲ್ಲಿ ಹೊಸ ಕೂದಲು. ಬೀದಿಯ ಹೆಂಗಸರು ಬಂದು ತಲೆ ಸವರಿ ನೋಡಿದರು. "ಕಪ್ಪು ಬರ್ತಿದೆ ಕಣೇ! ವಾಸಿ ಆಗ್ತಿದೀಯ. ಲಿಂಗಪ್ಪ ಕೈ ಬಿಡಲಿಲ್ಲ." ಅವಳು ಕನ್ನಡಿ ತರಿಸಿಕೊಂಡು ನೋಡಿಕೊಂಡಳು. ನಾನು ಆ ಕಪ್ಪನ್ನು ದಿನಾ ಅಳೆಯುತ್ತಿದ್ದೆ, ಕಣ್ಣಲ್ಲೇ. ಬಿಳುಪು ಅಂದರೆ ಔಷಧ ಮೈಯಲ್ಲಿದೆ ಎಂದಿದ್ದರು. ಕಪ್ಪು ಅಂದರೆ ಬಿಟ್ಟುಹೋಗುತ್ತಿದೆ. ಹೆಂಡತಿ ಚಿಕ್ಕವಳಾಗುತ್ತಿರುವುದನ್ನು ನೋಡಿ ಹೆದರಿದ ಗಂಡ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ಕರಗಿದ ಚುಕ್ಕೆ ತನ್ನ ಜಾಗಕ್ಕೆ ಮರಳಿತ್ತು.

ಎರಡನೆಯ ಔಷಧ ಬಂತು. ಬೇರೆ ಬಣ್ಣದ ಮಾತ್ರೆ, ದಿನಕ್ಕೊಂದು. ಡಾಕ್ಟರಮ್ಮ ಈ ಸಲ ನನ್ನನ್ನು ಒಂದು ಕ್ಷಣ ನಿಲ್ಲಿಸಿಕೊಂಡು ಹೇಳಿದರು. "ಇದೂ ಬರೀ ಹೊಟ್ಟೇಲೇ. ನೀರು ಬಿಟ್ಟು ಏನೂ ಬೇಡ. ಏನೂ ಅಂದ್ರೆ ಏನೂ. ಇದೂ ಹೋದ್ರೆ ನನ್ನ ಹತ್ರ ಜಾಸ್ತಿ ದಾರಿ ಇಲ್ಲ."

ಹಾಗಾಗಿ ಅವಳಿಗೆ ಹೇಳದೆ ಇರುವ ದಾರಿ ಮುಚ್ಚಿತು. ಅಕ್ಕನ ಮಾತಿನಂತೆ ಸುಮ್ಮನಿದ್ದರೆ ಪಾತ್ರೆ ಮತ್ತೆ ತುಂಬುತ್ತದೆ. ಕಾರಣ ಹೇಳದೆ ಪ್ರಸಾದ ಬೇಡ ಎಂದರೆ ಅವಳು ಒಪ್ಪುವುದಿಲ್ಲ. ಲಿಂಗ ಬಿಟ್ಟವನ ಕುಚೋದ್ಯ ಎಂದುಕೊಳ್ಳುತ್ತಾಳೆ. ಎರಡು ದಿನ ಮಾತ್ರೆಯ ಡಬ್ಬಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು, ಔಷಧ ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದೆ. ಎರಡು ದಿನ. ಚುಕ್ಕೆಗಳಿಗೆ ನಾನು ಕೊಟ್ಟ ರಜೆ.

ಮೂರನೆಯ ದಿನ ಬೆಳಿಗ್ಗೆ ಅವಳು ಪೂಜೆಗೆ ಕೂತಿದ್ದಳು. ಎದುರಿಗೆ ಹಾಲಿನ ಪಾತ್ರೆ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಹಾಲು, ಹಣ್ಣು, ತುಪ್ಪ, ಮಾತ್ರೆ ಎರಡು ಪಟ್ಟು ಇಳಿದದ್ದು, ಲಿವರ್, ಡಾಕ್ಟರಮ್ಮನ "ಇರಬಹುದು". ಹೇಳುವಾಗ "ಇರಬಹುದು" ಎಂಬುದನ್ನು ಅಗತ್ಯಕ್ಕಿಂತ ಹೆಚ್ಚು ಸಲ ಹೇಳಿದೆ.

ಅವಳು ಲಿಂಗವನ್ನು ಅಂಗೈಯಲ್ಲಿ ಹಿಡಿದೇ ಕೇಳಿಸಿಕೊಂಡಳು. ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಹಣ್ಣಲ್ಲಿ ಇಡೋಣ ಅಂದಿದ್ದು ಯಾರು?"

ನೆನಪನ್ನು ನಂಬಬಾರದು ಎಂದು ನಾನು ಇಷ್ಟು ಹೊತ್ತು ಬರೆದುಕೊಂಡು ಬಂದಿದ್ದೇನಲ್ಲ, ಆ ಜಾಣತನ ಆಗ ಚೆನ್ನಾಗಿ ಒದಗಿತು.

"ನೆನಪಿಲ್ಲ ಕಣೇ" ಎಂದೆ.

ಅವಳು ನನ್ನ ಮುಖ ನೋಡಿದಳು. "ನಂಗೆ ನೆನಪಿದೆ" ಎಂದಳು. ಯಾರು ಎಂದು ಹೇಳಲಿಲ್ಲ. ನನ್ನ ಬೆನ್ನ ಹಿಂದೆ, ಅಡುಗೆಮನೆಯ ಗೋಡೆಯಲ್ಲಿ, ಕ್ಯಾಲೆಂಡರ್ ಇತ್ತು. ಅವಳು ಯಾವತ್ತಾದರೂ ಅದನ್ನು ಓದಿದ್ದಳೋ, ಓದುವ ಅಗತ್ಯವೇ ಅವಳಿಗಿರಲಿಲ್ಲವೋ.

"ಕೊಡ್ರಿ" ಎಂದು ಬಲಗೈ ಚಾಚಿದಳು. ಮಾತ್ರೆ ಕೊಟ್ಟೆ. ಅದನ್ನು ಲಿಂಗದ ಮುಂದೆ ಹಿಡಿದು, ಒಂದು ಲೋಟ ನೀರಿನಲ್ಲಿ ನುಂಗಿದಳು. ಎರಡು ಸಲ ಒಕ್ಕರಿಸಿ ಬಂತು, ತುಟಿ ಒತ್ತಿ ಹಿಡಿದು ಇಳಿಸಿದಳು. ಆಮೇಲೆ ಹಾಲಿನ ಪಾತ್ರೆಯ ಮೇಲೆ ಒಂದು ತಟ್ಟೆ ಮುಚ್ಚಿದಳು.

"ಗಡಿಯಾರ ನೋಡ್ಕೊಳ್ರಿ. ಒಂದು ಗಂಟೆ ಆದ್ಮೇಲೆ ಹೇಳ್ರಿ. ಪ್ರಸಾದ ತಗೋಬೇಕು."

ಲಿಂಗವನ್ನು ಕರಡಿಗೆಯಲ್ಲಿಡದೆ, ಅಂಗೈಯಲ್ಲೇ ಹಿಡಿದುಕೊಂಡು ಕೂತಳು. ಪ್ರಸಾದ ತೆಗೆದುಕೊಳ್ಳದೆ ಪೂಜೆ ಮುಗಿಯುವುದಿಲ್ಲ. ನಾನು ಕುರ್ಚಿ ತಂದು ಬಾಗಿಲ ಹೊರಗೆ ಹಾಕಿಕೊಂಡು ಮೊಬೈಲಿನಲ್ಲಿ ಗಂಟೆ ನೋಡುತ್ತ ಕೂತೆ. ಹತ್ತು ನಿಮಿಷಕ್ಕೆ ಅವಳು ಬಲಗೈಯನ್ನು ಎಡಗೈಯ ಕೆಳಗೆ ಕೊಟ್ಟಳು.

"ಎಷ್ಟಾಯ್ತು?" ಎಂದಳು.

"ಇನ್ನೂ ಐವತ್ತು ನಿಮಿಷ."

"ಸರಿಯಾಗಿ ನೋಡಿ ಹೇಳ್ರಿ" ಎಂದಳು.